ಹಳೆಯ ಉಕ್ಕಿನ ಕತ್ತಿಯ ಜೊತೆಗೆ ಒಂದು ಚೀಟಿಯೂ ಇರಲಿ

ಸಂಪಾದಕರಿಗೆ ನಮಸ್ಕಾರ.

ಮುಳುಗಿದ ಹಡಗು, ಕಳಚಿದ ಸೇತುವೆ, ಹಳೇ ಲಂಗರಿನ ಸರಪಳಿ ಇಂಥವುಗಳ ಲೋಹದಿಂದ ಪರದೇಶದ ಕಮ್ಮಾರರು ಕೈಯಲ್ಲೇ ಬಡಿದು ಮಾಡುವ ಡಮಾಸ್ಕಸ್ ಕ್ಷೌರದ ಕತ್ತಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಮೈತುಂಬ ಅಲೆ ಅಲೆ ಗೆರೆ ಓಡಿದ ಆ ಕತ್ತಿಯ ಚಿತ್ರವನ್ನು ಕತ್ತರಿಸಿ ನಮ್ಮ ಅಂಗಡಿಯ ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದೇನೆ. ಕುರ್ಚಿಯಲ್ಲಿ ಕೂತವರು ಅದನ್ನು ನೋಡಿ ಕೇಳುವುದು ಒಂದೇ: “ಅಣ್ಣ, ಹಡಗಿನ ಕಬ್ಬಿಣ ಅಂದ್ರೆ ಹರಿತ ಜಾಸ್ತಿನಾ?” ಈ ಪ್ರಶ್ನೆಗೆ ಕುರ್ಚಿಯ ಪಕ್ಕ ನಿಂತು ಕೊಡುವ ಉತ್ತರ ಸಾಲದು ಅನ್ನಿಸಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ಒಂದು ಕೋರಿಕೆಯೂ ಇದೆ.

ನಾನು ಕೊರಟಗೆರೆ ಕಡೆಯ ಕ್ಷೌರಿಕ. ಅರವತ್ತು ದಾಟಿದೆ. ಅಪ್ಪನಿಂದ ಕೆಲಸ ಕಲಿತವನು. ನಮ್ಮ ಕಾಲದಲ್ಲಿ ಮೊದಲು ಕಲಿಸುತ್ತಿದ್ದದ್ದು ಗಡ್ಡ ಹೆರೆಯುವುದನ್ನಲ್ಲ, ಕತ್ತಿ ಮಸೆಯುವುದನ್ನು. ಕತ್ತಿಯನ್ನು ಸಾಣೆಕಲ್ಲಿನ ಮೇಲೆ ಅಡ್ಡಡ್ಡ ಮಲಗಿಸಬೇಕು. ಅಲಗೂ ಬೆನ್ನೂ ಎರಡೂ ಕಲ್ಲಿಗೆ ತಾಗಿರಬೇಕು. ಮಚ್ಚು, ಕುಡುಗೋಲು ಮಸೆಯುವಾಗ ಕೋನವನ್ನು ಕೈ ಹಿಡಿಯುತ್ತದೆ, ಕ್ಷೌರದ ಕತ್ತಿಯಲ್ಲಿ ಆ ಕೋನ ಕತ್ತಿಯ ಒಳಗೇ ಇರುತ್ತದೆ. ಬೆನ್ನು ಎಷ್ಟು ದಪ್ಪ, ಅಲ್ಲಿಂದ ಅಲಗಿಗೆ ಎಷ್ಟು ಅಗಲ ಎಂಬುದನ್ನು ಕಮ್ಮಾರ ಮಾಡುವಾಗಲೇ ಲೆಕ್ಕ ಹಾಕಿ ಇಟ್ಟಿರುತ್ತಾನೆ, ಹೆಚ್ಚುಕಡಿಮೆ 16ರಿಂದ 18 ಡಿಗ್ರಿ. ಅವನು ಅಲ್ಲಿ ತಪ್ಪಿದರೆ ಮಸೆಯುವವನು ಏನು ಮಾಡಿದರೂ ಸರಿಹೋಗುವುದಿಲ್ಲ. ಕಲ್ಲಾದ ಮೇಲೆ ಚರ್ಮದ ಪಟ್ಟಿ. ಅಲ್ಲಿ ಬೆನ್ನು ಮುಂದೆ ಹೋಗಬೇಕು, ಅಲಗು ಹಿಂದೆ ಬರಬೇಕು. ಚೆನ್ನಾಗಿ ಮಸೆದ ಅಲಗಿನ ತುದಿ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳ್ಳಗಿರುತ್ತದೆ. ಅಷ್ಟು ತೆಳುವಾದ ಲೋಹ ಬಾಗಬಾರದು, ಉದುರಬಾರದು, ನೆನೆದ ಗಡ್ಡದ ಮೇಲೆ ಹತ್ತಾರು ಸಲ ಓಡಿದರೂ ನಿಲ್ಲಬೇಕು. ಯಂತ್ರದ ಯಾವ ಭಾಗಕ್ಕೂ ಯಾವ ಆಯುಧಕ್ಕೂ ಇಂಥ ಪರೀಕ್ಷೆ ಇಲ್ಲ. ಏಕೆಂದರೆ ಈ ಅಲಗು ಓಡುವುದು ಕಿವಿಯ ಕೆಳಗೆ, ಗಂಟಲಿನ ಮೇಲೆ.

ಇಷ್ಟು ನಿಲ್ಲಬೇಕಾದರೆ ಉಕ್ಕಿನಲ್ಲಿ ಇಂಗಾಲ ಇರಬೇಕು. ನೂರಕ್ಕೆ ಒಂದರ ಆಸುಪಾಸು, ಕೆಲವು ಕತ್ತಿಗಳಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಅದಿದ್ದರೆ ಮಾತ್ರ ಕೆಂಪಗೆ ಕಾಸಿ ಎಣ್ಣೆಗೆ ಅದ್ದಿದಾಗ ಉಕ್ಕು ಗಡುಸಾಗುತ್ತದೆ, ಆಮೇಲೆ ಸಣ್ಣ ಶಾಖದಲ್ಲಿ ಹದ ಕೊಟ್ಟರೆ ಉದುರುವ ಗುಣ ಕಳೆಯುತ್ತದೆ. ಹಾಗಾದರೆ ಹಳೆಯ ಸೇತುವೆ, ಹಳೆಯ ಸರಪಳಿಯಲ್ಲಿ ಇಂಗಾಲ ಎಷ್ಟಿದೆ? ಹೆಚ್ಚಿನವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 1856ರಲ್ಲಿ ಇಂಗ್ಲೆಂಡಿನ ಬೆಸೆಮರ್ ಅಗ್ಗವಾಗಿ ಉಕ್ಕು ಮಾಡುವ ತನ್ನ ವಿಧಾನ ಹೊರತಂದು, ಉಕ್ಕು ರಾಶಿ ರಾಶಿಯಾಗಿ ಸಿಗತೊಡಗುವವರೆಗೂ ಸೇತುವೆ, ಸರಪಳಿ, ಲಂಗರು ಬಹುಪಾಲು ಬಡಿದು ಮಾಡಿದ ಮೆದು ಕಬ್ಬಿಣ. ಅದಾದ ಎಷ್ಟೋ ವರ್ಷದ ಮೇಲೆ, 1889ರಲ್ಲಿ ಎದ್ದು ನಿಂತ ಪ್ಯಾರಿಸ್ಸಿನ ಐಫೆಲ್ ಗೋಪುರ ಕೂಡ ಉಕ್ಕಿನದಲ್ಲ, ಅಂಥದೇ ಕಬ್ಬಿಣದ್ದು. ಮುರಿದು ನೋಡಿದರೆ ಒಳಗೆಲ್ಲ ನಾರು ನಾರು. ಬಹಳ ಚೆಂದದ ಲೋಹ, ಬೆಸುಗೆಗೆ ತುಂಬ ಒಳ್ಳೆಯದು, ಆದರೆ ಎಷ್ಟು ಕಾಸಿ ಎಷ್ಟು ಅದ್ದಿದರೂ ಗಡುಸಾಗುವುದಿಲ್ಲ. ಅದೊಂದರಿಂದಲೇ ಕತ್ತಿ ಮಾಡಿ ಗಡ್ಡಕ್ಕೆ ಹಿಡಿದರೆ ಒಂದು ಎಳೆತಕ್ಕೇ ಅಲಗು ಮಡಚಿಕೊಳ್ಳುತ್ತದೆ. ಯುದ್ಧನೌಕೆಯ ಕವಚದ ಕಥೆ ಬೇರೆ. ಅದರಲ್ಲಿ ನಿಕಲ್, ಕ್ರೋಮಿಯಂ ಸೇರಿರುತ್ತವೆ, ಗುಂಡು ತಡೆಯುವ ಗಟ್ಟಿತನ ಇರುತ್ತದೆ, ಆದರೆ ಇಂಗಾಲ ಕತ್ತಿಗೆ ಬೇಕಾದಷ್ಟು ಇರುವುದಿಲ್ಲ.

ಆದ್ದರಿಂದ ತಿಳಿದ ಕಮ್ಮಾರರು ಹೋಳಿಗೆ ಮಾಡಿದಂತೆ ಮಾಡುತ್ತಾರೆ. ಅಲಗಿನ ಜಾಗಕ್ಕೆ ಇಂಗಾಲ ಹೆಚ್ಚಿರುವ ಹೊಸ ಉಕ್ಕನ್ನು ಹೂರಣವಾಗಿಟ್ಟು, ಎರಡೂ ಕಡೆ ಹಳೆಯ ಲೋಹವನ್ನು ಹೊದಿಸಿ, ಬೆಳ್ಳಗೆ ಕಾಯುವ ತನಕ ಕಾಸಿ, ಬೊರಾಕ್ಸ್ ಅಂದರೆ ಬಿಳಿಗಾರದ ಪುಡಿ ಎರಚಿ, ಬಡಿದು ಒಂದಾಗಿಸುತ್ತಾರೆ. ಹಳೆಯ ಲೋಹವನ್ನೂ ನಿಕಲ್ ಬೆರೆತ ಉಕ್ಕನ್ನೂ ಪದರ ಪದರವಾಗಿ ಪೇರಿಸಿ, ಬೆಸೆದು, ಮಡಿಸಿ, ತಿರುಚಿ ಮತ್ತೆ ಬಡಿದರೆ ಗೆರೆಗಳು ಬರುತ್ತವೆ. ಕೊನೆಗೆ ಆಮ್ಲದಂಥ ದ್ರಾವಣದಲ್ಲಿ ಅದ್ದಿದಾಗ ನಿಕಲ್ ಇರುವ ಪದರ ಬೆಳ್ಳಗೆ ಉಳಿದು ಉಳಿದದ್ದು ಕಪ್ಪಾಗುತ್ತದೆ. ಪುರವಣಿಯ ಚಿತ್ರದಲ್ಲಿ ನಾವು ಕಂಡದ್ದು ಅದನ್ನೇ. ಅಂದರೆ ನನ್ನ ಗಿರಾಕಿಗಳ ಪ್ರಶ್ನೆಗೆ ಉತ್ತರ ಇಷ್ಟು: ಗಡ್ಡಕ್ಕೆ ತಾಗುವುದು ಬಹುಪಾಲು ಕತ್ತಿಗಳಲ್ಲಿ ಹಡಗಿನ ಲೋಹವಲ್ಲ. ಹಡಗು ಇರುವುದು ಕತ್ತಿಯ ಕೆನ್ನೆಯಲ್ಲಿ. ಇದರಿಂದ ಆ ಕಮ್ಮಾರನ ಕೈಚಳಕಕ್ಕೆ ಏನೂ ಕುಂದಿಲ್ಲ. ಎರಡು ಬಗೆಯ ಲೋಹ ಬೆಸೆದು, ನಡುವೆ ಬಿರುಕಿಲ್ಲದೆ ಕಾಗದದಷ್ಟು ತೆಳ್ಳಗೆ ಕೆತ್ತುವುದು ದೊಡ್ಡ ವಿದ್ಯೆ. ನನಗೆ ಆ ಕೈಗಳ ಮೇಲೆ ಗೌರವವಿದೆ. ಆದರೆ ಕೊಳ್ಳುವವನಿಗೆ ಇದನ್ನು ಹೇಳಿ ಮಾರಬೇಕು.

ಹೇಳದೆ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಸುಬಿನಲ್ಲೇ ಹಳೆಯ ಉದಾಹರಣೆ ಇದೆ, ಅದರ ಬೇರು ಮತ್ತೆ ಈ ದೇಶದ ಉಕ್ಕಿಗೇ ಬಂದು ತಲುಪುತ್ತದೆ. ನನ್ನ ಮಗಳು ಸುರತ್ಕಲ್ಲಿನಲ್ಲಿ ಲೋಹಶಾಸ್ತ್ರ ಓದಿದವಳು. ಅವಳು ತಂದುಕೊಟ್ಟ ಪುಸ್ತಕಗಳಿಂದ ಓದಿ ತಿಳಿದದ್ದನ್ನು ಬರೆಯುತ್ತೇನೆ. 1794ರಲ್ಲಿ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಎಂಬುವರು ಇಲ್ಲಿನ ಮೂಸೆಯ ಉಕ್ಕಿನ (ಮಣ್ಣಿನ ಕುಡಿಕೆಯಲ್ಲಿ ಕರಗಿಸಿ ಮಾಡಿದ ಉಕ್ಕು) ತುಂಡುಗಳನ್ನು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದರು. ಅದರ ಮೇಲೆ ಕೈ ಆಡಿಸಿದವರಲ್ಲಿ ಜೇಮ್ಸ್ ಸ್ಟೋಡಾರ್ಟ್ ಒಬ್ಬ. ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಚಾಕು ಕತ್ತರಿಗಳ ಕುಶಲಕರ್ಮಿ. ಶಸ್ತ್ರಚಿಕಿತ್ಸೆಯ ಉಪಕರಣ, ಕ್ಷೌರದ ಕತ್ತಿಗಳನ್ನು ಹಿಂದೂಸ್ಥಾನದ ಉಕ್ಕಿನಿಂದ ಮಾಡುತ್ತೇನೆ, ವರ್ಷಗಟ್ಟಲೆ ಹೋಲಿಸಿ ನೋಡಿ ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದನ್ನೇ ಮೆಚ್ಚಿದ್ದೇನೆ ಎಂದು ಆತ ತನ್ನ ಅಂಗಡಿಯ ಕಾರ್ಡಿನ ಮೇಲೆಯೇ ಅಚ್ಚು ಹಾಕಿಸಿದ್ದ. ಇನ್ನೂರು ವರ್ಷದ ಹಿಂದೆ ಲಂಡನ್ನಿನ ಯಾರದೋ ಕೆನ್ನೆಯ ಮೇಲೆ ಈ ನೆಲದ ಕುಲುಮೆಯ ಉಕ್ಕು ಓಡಿದೆ ಎಂದು ಓದಿದಾಗ ಕ್ಷೌರಿಕನಾದ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ!

ಈ ಸ್ಟೋಡಾರ್ಟ್ ಜೊತೆ ಸೇರಿ ಆ ಉಕ್ಕಿನ ಗುಟ್ಟು ಹುಡುಕಿದವನು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ನಮ್ಮ ಮಕ್ಕಳೆಲ್ಲ ಓದುವ ಅದೇ ಫ್ಯಾರಡೆ, ಕಮ್ಮಾರನ ಮಗ. ಇಬ್ಬರೂ 1820ರಲ್ಲಿ, ಮತ್ತೆ 1822ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಉಕ್ಕಿಗೆ ಪ್ಲಾಟಿನಂ, ರೋಡಿಯಂ, ಬೆಳ್ಳಿ ಎಲ್ಲವನ್ನೂ ಬೆರೆಸಿ ನೋಡಿದರು. ಬೆಳ್ಳಿ 500ರಲ್ಲಿ ಒಂದು ಪಾಲು ಸೇರಿಸಿದರೆ ಚೆನ್ನ ಎಂದರು. ಆಮೇಲೆ ಇಂಗ್ಲೆಂಡಿನ ಶೆಫೀಲ್ಡ್ ಪೇಟೆಯಿಂದ ಬಂದ ಎಷ್ಟೋ ಕ್ಷೌರದ ಕತ್ತಿಗಳ ಮೇಲೆ ‘ಸಿಲ್ವರ್ ಸ್ಟೀಲ್’ ಎಂಬ ಮುದ್ರೆ ಬಿತ್ತು. ಒಳಗೆ ಬೆಳ್ಳಿ ಇರಲಿ ಬಿಡಲಿ, ಮುದ್ರೆ ಮಾತ್ರ ದಶಕಗಟ್ಟಲೆ ಉಳಿಯಿತು. ಅಪ್ಪನ ಪೆಟ್ಟಿಗೆಯಲ್ಲೂ ಅಂಥದೊಂದು ಇತ್ತು, ಜರ್ಮನಿಯ ಸೋಲಿಂಗೆನ್ ಕತ್ತಿಗಳ ಜೊತೆಗೆ. ಇವತ್ತು ಹಳೆಯ ಹಡಗಿನ, ಹಳೆಯ ಸೇತುವೆಯ ಹೆಸರು ಕೆತ್ತಿದ ಕತ್ತಿಗಳಿಗೂ ಅದೇ ಗತಿ ಬರಬಾರದು ಎಂಬುದು ನನ್ನ ಕಳಕಳಿ.

ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದ. ನಮ್ಮ ತಾಲ್ಲೂಕಿನ ಚನ್ನರಾಯನದುರ್ಗದ ಕಡೆಯ ಉಕ್ಕಿನ ಕುಲುಮೆಗಳನ್ನು ಕುರಿತು ಬರೆದಿಟ್ಟ. ಜೇಡಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಡ್ಡಿ, ಮೇಲೆ ಹಸಿರೆಲೆ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಜೋಡಿಸಿ, ಇದ್ದಿಲು ತುಂಬಿ ಗಂಟೆಗಟ್ಟಲೆ ತಿದಿ ಒತ್ತುವುದು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಇಳಿದು ಅದು ಕರಗುತ್ತದೆ. ತಣ್ಣಗಾದ ಮೇಲೆ ಮೂಸೆ ಒಡೆದರೆ ಒಳಗೆ ಉಕ್ಕಿನ ಗುಂಡು. ನಮ್ಮ ಬೇಲಿಸಾಲಿನಲ್ಲಿ ಹಳದಿ ಹೂ ಬಿಟ್ಟು ನಿಂತಿರುವ ಅದೇ ತಂಗಡಿ. ಚನ್ನಪಟ್ಟಣದ ಉಕ್ಕಿನ ತಂತಿಗೆ ಆಗ ದೂರ ದೂರದ ವಾದ್ಯಗಾರರಿಂದ ಬೇಡಿಕೆ ಇತ್ತು. ಕೂದಲೆಳೆಯ ಹಾಗೆ ಎಳೆದರೂ ತುಂಡಾಗದ ಉಕ್ಕನ್ನು ಮಾಡುತ್ತಿದ್ದವರು ಶಾಲೆಗೆ ಹೋದವರಲ್ಲ.

ಈ ಮೂಸೆಯ ಉಕ್ಕಿನಿಂದ ಬಂದ ಡಮಾಸ್ಕಸ್ ಬೇರೆ, ಪದರ ಬೆಸೆದು ಮಾಡುವ ಡಮಾಸ್ಕಸ್ ಬೇರೆ. ನಿಮ್ಮ ಲೇಖನದಲ್ಲಿ ಎರಡೂ ಒಂದೇ ಎಂಬಂತೆ ಬಂದಿದೆ. ಮೂಸೆಯ ಉಕ್ಕಿನಲ್ಲಿ ಗೆರೆ ಯಾರೂ ಮಡಿಸಿ ತಂದದ್ದಲ್ಲ, ಒಳಗಿನಿಂದಲೇ ಹುಟ್ಟಿದ್ದು. ಅದರಲ್ಲಿ ಇಂಗಾಲ ನೂರಕ್ಕೆ ಒಂದೂವರೆಯ ಹತ್ತಿರ. ನಿಧಾನವಾಗಿ ಆರುವಾಗ, ಆಮೇಲೆ ಕಡಿಮೆ ಶಾಖದಲ್ಲಿ ಮತ್ತೆ ಮತ್ತೆ ಕಾಸಿ ಬಡಿಯುವಾಗ, ಇಂಗಾಲ ಕೂಡಿದ ಗಡುಸು ಕಣಗಳು ಸಾಲುಗಟ್ಟುತ್ತವೆ. ಶಾಖ ಜಾಸ್ತಿಯಾದರೆ ಗೆರೆ ಅಳಿಸಿ ಹೋಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಕೈತಪ್ಪಿ ಹೋದ ಈ ವಿದ್ಯೆಯನ್ನು ಮತ್ತೆ ಮಾಡಿ ತೋರಿಸಲು ಅಮೆರಿಕದ ಪ್ರೊಫೆಸರ್ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ವರ್ಷಗಟ್ಟಲೆ ದುಡಿದರು. ಅದಿರಿನಿಂದ ಬಂದ ವನೇಡಿಯಂನಂಥ ಲೋಹ ಅತ್ಯಲ್ಪ ಪ್ರಮಾಣದಲ್ಲಿ ಇದ್ದರೇ ಗೆರೆ ಚೆನ್ನಾಗಿ ಮೂಡುತ್ತದೆ ಎಂದು 1998ರಲ್ಲಿ ಬರೆದರು. ಬೆಂಗಳೂರಿನಲ್ಲೂ ಶಾರದಾ ಶ್ರೀನಿವಾಸನ್, ಎಸ್. ರಂಗನಾಥನ್ ಅವರಂಥವರು ಈ ಉಕ್ಕಿನ ಮೇಲೆ ಬಹಳ ಕೆಲಸ ಮಾಡಿದ್ದಾರೆ.

ವರ್ಹೋವೆನ್ ಅವರಿಗೆ ಪರೀಕ್ಷೆಗೆ ಹಳೆಯ ಖಡ್ಗದ ತುಂಡು ಎಲ್ಲಿಂದ ಸಿಕ್ಕಿತು? ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯದಿಂದ. ಹೆನ್ರಿ ಮೋಸರ್ ಎಂಬ ಸಂಗ್ರಾಹಕ ಪೂರ್ವದೇಶಗಳನ್ನು ಸುತ್ತಿ ತಂದ ಕತ್ತಿಗಳಲ್ಲಿ ಕೆಲವನ್ನು ಅಧ್ಯಯನಕ್ಕೆಂದೇ ಕೊಟ್ಟಿದ್ದ. ಚೊಕ್ಕೆ ಎಂಬ ಲೋಹತಜ್ಞ ಅವನ್ನು ಕತ್ತರಿಸಿ ಪರೀಕ್ಷಿಸಿ 1924ರಲ್ಲಿ ಫಲಿತಾಂಶ ಪ್ರಕಟಿಸಿದ. ಮುಖ್ಯವಾದದ್ದು ಮುಂದಿನದು: ಉಳಿದ ತುಂಡುಗಳನ್ನು ಎಸೆಯಲಿಲ್ಲ. ಯಾವ ತುಂಡು ಯಾವ ಕತ್ತಿಯದು ಎಂದು ಗುರುತು ಹಾಕಿ ಎತ್ತಿಟ್ಟರು. ಎಪ್ಪತ್ತು ವರ್ಷ ಕಳೆದ ಮೇಲೆ ಅವೇ ತುಂಡುಗಳು ವರ್ಹೋವೆನ್ ಕೈಗೆ ಬಂದವು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್ ತಂಡ ಬರ್ನ್ ಸಂಗ್ರಹದ್ದೇ ಒಂದು ಹದಿನೇಳನೇ ಶತಮಾನದ ಖಡ್ಗದ ತುಂಡಿನಲ್ಲಿ ಇಂಗಾಲದ ನ್ಯಾನೊ ನಳಿಕೆಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳನ್ನು, ಕಂಡದ್ದಾಗಿ ವರದಿ ಮಾಡಿತು. 1924ರಲ್ಲಿ ಆ ತುಂಡು ಎತ್ತಿಟ್ಟವನಿಗೆ ನ್ಯಾನೊ ಎಂಬ ಮಾತೇ ಗೊತ್ತಿರಲಿಕ್ಕಿಲ್ಲ. ಆದರೂ ಎತ್ತಿಟ್ಟ.

ಈಗ ಹಳೆಯ ಲೋಹ ಹುಡುಕಿ ಕತ್ತಿ ಮಾಡುವವರು ಹೀಗೆ ಒಂದು ತುಂಡು ಎತ್ತಿಡುವ ಕೆಲಸ ಮಾಡುತ್ತಿದ್ದಾರೆಯೇ? ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆಯನ್ನೇ ತೆಗೆದುಕೊಳ್ಳಿ. 1944ರ ನವೆಂಬರ್ 12ರಂದು ನಾರ್ವೆಯ ಟ್ರೊಮ್ಸೊ ಬಳಿ ಬ್ರಿಟಿಷ್ ವಿಮಾನಗಳ ಬಾಂಬಿಗೆ ಅದು ಮಗುಚಿಬಿತ್ತು. ಹೆಚ್ಚುಕಡಿಮೆ ಸಾವಿರ ಮಂದಿ ಸತ್ತರು. 1948ರಿಂದ 1957ರವರೆಗೆ ಅದನ್ನು ಅಲ್ಲೇ ಒಡೆದು ಮಾರಿದರು. ಅದರ ಉಕ್ಕನ್ನು ಸೇರಿಸಿ ಸೋಲಿಂಗೆನ್ನಿನ ಬೋಕರ್ ಕಂಪನಿ ಡಮಾಸ್ಕಸ್ ಚಾಕುಗಳನ್ನು ಮಾಡಿದೆ. ನಮ್ಮ ದೇಶದಲ್ಲೂ ಹಳೆಯ ವಿಕ್ರಾಂತ್ ಯುದ್ಧನೌಕೆಗೆ ಇಂಥದೇ ಆಯಿತು. 1971ರ ಯುದ್ಧ ಕಂಡ ಹಡಗು 1997ರಲ್ಲಿ ಸೇವೆ ಮುಗಿಸಿ, ಮುಂಬಯಿಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಹರಾಜಾಗಿ ಒಡೆಯಲ್ಪಟ್ಟಿತು. ಅದರ ಉಕ್ಕಿನಲ್ಲಿ ಒಂದಿಷ್ಟನ್ನು ಬಜಾಜ್ ಕಂಪನಿ ಕೊಂಡು 2016ರಲ್ಲಿ ಮೋಟಾರ್ ಸೈಕಲ್ಲಿಗೆ ಬಳಸಿತು. ಇವು ಗುಜರಿಗೆ ಹೋಗಿಯೇ ಹೋಗುತ್ತಿದ್ದ ಲೋಹಗಳು. ಕರಗಿ ಹೆಸರಿಲ್ಲದ ಕಂಬಿಯಾಗುವ ಬದಲು ಯಾರೋ ದಿನವೂ ಕೈಗೆತ್ತಿಕೊಳ್ಳುವ ವಸ್ತುವಾದರೆ ನನ್ನ ವಿರೋಧವಿಲ್ಲ, ಮೆಚ್ಚುಗೆಯೇ ಇದೆ.

ವಿರೋಧ ಇರುವುದು ಇನ್ನೊಂದಕ್ಕೆ. ಪಾಳೇಗಾರರ ಕಾಲದ ಖಡ್ಗ, ಕಠಾರಿಗಳು ನಮ್ಮ ಮಧುಗಿರಿ, ಕೊರಟಗೆರೆ ಸೀಮೆಯ ಹಳೆ ಮನೆಗಳಲ್ಲಿ ಇನ್ನೂ ಇವೆ. ಆಯುಧಪೂಜೆಗೆ ಅಟ್ಟದಿಂದ ಇಳಿಸಿ ಕುಂಕುಮ ಇಟ್ಟು ಮತ್ತೆ ಅಟ್ಟಕ್ಕೆ ಸೇರಿಸುತ್ತಾರೆ. ಅಂಥ ಮನೆಗಳನ್ನು ಹುಡುಕಿಕೊಂಡು, ಮುರಿದದ್ದಾದರೂ ಸರಿ, ತುಕ್ಕು ಹಿಡಿದದ್ದಾದರೂ ಸರಿ, ತೂಕಕ್ಕೆ ಕೊಳ್ಳುತ್ತೇವೆ ಎಂದು ಬಂದವರನ್ನು ನಾನೇ ಮಾತಾಡಿಸಿದ್ದೇನೆ. “ಉಕ್ಕು ಒಳ್ಳೇದು, ಕತ್ತಿ ಮಾಡೋರು ತಗೋತಾರೆ” ಎಂದರು. ಇದಕ್ಕೆ ಮಾತ್ರ ಯಾರೂ ಒಪ್ಪಬಾರದು. ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವ ಹಾಗೇ ಇಲ್ಲ. ಕಾನೂನು ಒತ್ತಟ್ಟಿಗಿರಲಿ. ಗುಜರಿಗೆ ಬಿದ್ದ ಹಡಗು ಹಡಗಾಗಿ ಉಳಿದಿಲ್ಲ. ಅಟ್ಟದ ಮೇಲಿನ ಖಡ್ಗ ಮುರಿದಿದ್ದರೂ ಖಡ್ಗವಾಗಿಯೇ ಇದೆ. ಅದನ್ನು ಮಾಡಿದವನ ಸುತ್ತಿಗೆಯ ಗುರುತು, ಹದ ಹಾಕಿದ ರೀತಿ, ಅವನ ಅದಿರಿನ ಗುಣ ಎಲ್ಲ ಅದರ ಮೈಯಲ್ಲಿದೆ. ಕುಲುಮೆಗೆ ಹಾಕಿ ಬಡಿದ ಕ್ಷಣದಲ್ಲಿ ಅಷ್ಟೂ ಹೋಯಿತು. ಅದರಿಂದ ಬರುವ ಕ್ಷೌರದ ಕತ್ತಿ ಎಷ್ಟೇ ಚೆಂದವಿರಲಿ, ನನ್ನಂಥವನ ಕೈಗೆ ಅದು ಬೇಡ.

ಕಮ್ಮಾರರಿಗೆ ಲೋಹದ ಬರವೇನೂ ಇಲ್ಲ. ನಮ್ಮ ಊರ ಕಡೆ ಗುಜರಿ ಅಂಗಡಿಗಳಿಗೆ ಕಿಲೋ ಲೆಕ್ಕದಲ್ಲಿ ಬೀಳುವ ಗಾಡಿಚಕ್ರದ ಪಟ್ಟಿ, ಬಾವಿಯ ಸರಪಳಿ, ಹಳೆ ಬಾಗಿಲ ಅಗುಳಿ ನೋಡಿದ್ದೀರಾ? ಅದರಲ್ಲಿ ಎಷ್ಟೋ ಕೈಯಲ್ಲಿ ಬಡಿದ ಹಳೆಯ ಕಬ್ಬಿಣ. ಸಾಣೆಯ ಚಕ್ರಕ್ಕೆ ಹಿಡಿದರೆ ಕಿಡಿಯೇ ಹೇಳುತ್ತದೆ. ಇಂಗಾಲ ಹೆಚ್ಚಿದ್ದರೆ ಕಿಡಿಯ ತುದಿ ಒಡೆದು ನಕ್ಷತ್ರ ನಕ್ಷತ್ರವಾಗಿ ಸಿಡಿಯುತ್ತದೆ, ಮೆದು ಕಬ್ಬಿಣವಾದರೆ ಉದ್ದನೆಯ ಮಂಕು ಗೆರೆ ಹಾದು ಆರಿಹೋಗುತ್ತದೆ. ಹೊದಿಕೆಗೆ ಈ ಕಬ್ಬಿಣ, ಅಲಗಿಗೆ ಸವೆದ ಹಳೆಯ ಅರ ಅಥವಾ ಬೇರಿಂಗಿನ ಉಕ್ಕು. ನಮ್ಮ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಚ್ಚು, ಕುಡುಗೋಲು ಹಣಿಯುವವರು. ಕಲಿಸುವವರು, ಕೊಳ್ಳುವವರು ಇದ್ದರೆ ಕ್ಷೌರದ ಕತ್ತಿಯೂ ಅವರ ಕೈಯಲ್ಲಿ ಬಂದೀತು. ಅಂಗಡಿಗಳಲ್ಲಿ ಏಡ್ಸ್ ಭಯ ಬಂದ ಮೇಲೆ ನಾವೆಲ್ಲ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಗೆ ಹೊರಳಿದೆವು. ಅದು ಸರಿಯಾದದ್ದೇ, ಗಿರಾಕಿಯ ಆರೋಗ್ಯ ಮೊದಲು. ಆದರೆ ಮನೆಯಲ್ಲಿ ತನ್ನ ಗಡ್ಡಕ್ಕೆ ತನ್ನದೇ ಕತ್ತಿ ಇಟ್ಟುಕೊಳ್ಳುವವನಿಗೆ ಆ ಭಯವಿಲ್ಲ. ಈಚೆಗೆ ಹುಡುಗರು ಕತ್ತಿ ಮಸೆಯುವುದನ್ನು ಕಲಿಸಿ ಎಂದು ನನ್ನ ಹತ್ತಿರ ಬರುತ್ತಿದ್ದಾರೆ, ಕಲಿಸುತ್ತಿದ್ದೇನೆ.

ನನ್ನ ಕೋರಿಕೆ ಇದು. ಹಳೆಯ ಲೋಹದಿಂದ ಕತ್ತಿ ಮಾಡುವವರು, ಇಲ್ಲಿಯವರಾಗಲಿ ಹೊರಗಿನವರಾಗಲಿ, ಪ್ರತಿ ಕತ್ತಿಯ ಜೊತೆ ಒಂದು ಚೀಟಿ ಕೊಡಲಿ. ಲೋಹ ಎಲ್ಲಿಂದ ಬಂತು, ಯಾರಿಂದ ಕೊಂಡದ್ದು, ಕತ್ತಿಯಲ್ಲಿ ಅದು ಎಷ್ಟು ಪಾಲು, ಅಲಗಿನಲ್ಲಿ ಇದೆಯೋ ಹೊದಿಕೆಯಲ್ಲಿ ಮಾತ್ರ ಇದೆಯೋ ಎಂದು ಅದರಲ್ಲಿ ಬರೆದಿರಲಿ. ಲೋಹ ಕುಲುಮೆಗೆ ಹೋಗುವ ಮುಂಚೆ ಬೆರಳುದ್ದದ ಒಂದು ತುಂಡನ್ನು ಕೊಯ್ದು, ಕಾಸದೆ ಬಡಿಯದೆ, ಅದೇ ವಿವರದ ಜೊತೆ ಯಾವುದಾದರೂ ಕಾಲೇಜಿನ ಲೋಹಶಾಸ್ತ್ರ ವಿಭಾಗಕ್ಕೋ ವಸ್ತುಸಂಗ್ರಹಾಲಯಕ್ಕೋ ಒಪ್ಪಿಸಲಿ. ಬರ್ನ್ ಊರಿನವರು ಮಾಡಿದ್ದು ಇಷ್ಟೇ. ಇದಕ್ಕೆ ಖರ್ಚು ಅಂತ ಏನೂ ಇಲ್ಲ.

ಪುರಾತತ್ವ ಇಲಾಖೆಯವರಲ್ಲಿ ಇನ್ನೊಂದು ಮಾತು. ಚನ್ನರಾಯನದುರ್ಗದ ಕೋಟೆ ನೋಡಲು ಜನ ಬರುತ್ತಾರೆ, ಬೆಟ್ಟ ಹತ್ತಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅದರ ಸುತ್ತಮುತ್ತ ಉಕ್ಕು ಮಾಡುತ್ತಿದ್ದರು ಎಂದು ಕನ್ನಡದಲ್ಲಿ ಬರೆದ ಒಂದು ಫಲಕವನ್ನು ಕೋಟೆಯ ಬುಡದಲ್ಲಿ ನಿಲ್ಲಿಸಿ. ಕುಲುಮೆಯ ಕಿಟ್ಟ, ಮೂಸೆಯ ಚೂರು ಸಿಗುವ ಜಾಗಗಳನ್ನು ತಿಳಿದವರಿಂದ ಗುರುತಿಸಿ, ಮಣ್ಣು ತೆಗೆಯುವವರ ಜೆಸಿಬಿ ಅಲ್ಲಿಗೆ ಹೋಗದ ಹಾಗೆ ನೋಡಿಕೊಳ್ಳಿ. ಆ ಜಾಗಗಳನ್ನು ತೋರಿಸಬಲ್ಲ ಹಿರಿಯರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಇಲಾಖೆಯವರು ಬರುವುದಾದರೆ ಅವರ ಮನೆಗಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಇಂತಿ,
ಒಬ್ಬ ಕ್ಷೌರಿಕ
ಕೊರಟಗೆರೆ ತಾಲ್ಲೂಕು, ತುಮಕೂರು ಜಿಲ್ಲೆ